ಬರಡು ಮಣ್ಣಿಗೆ ಜೀವ ತುಂಬಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್



ಕಡಲೆಕಾಯಿ ಯಾರಿಗೆ ಇಷ್ಟವಿಲ್ಲ? ಹುರಿದು ತಿನ್ನುತ್ತೇವೆ, ಚಟ್ನಿ ಮಾಡುತ್ತೇವೆ, ಬೆಲ್ಲ ಸೇರಿಸಿ ಚಿಕ್ಕಿ ಮಾಡುತ್ತೇವೆ. ಈ ಪುಟ್ಟ ಕಾಯಿಯಿಂದಲೇ ಬಡ ರೈತರ ಬದುಕನ್ನು ಮೇಲೆತ್ತಲು ಹೊರಟ ಮಹಾನುಭಾವರೊಬ್ಬರಿದ್ದರು. ಅವರು ಹುಟ್ಟಿದ್ದು ಗುಲಾಮರಾಗಿ. ಅವರೇ ಅಮೆರಿಕದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್.

ಕಾರ್ವರ್ ಅವರ ಜನ್ಮದಿನ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗುಲಾಮರ ಮಕ್ಕಳ ಹುಟ್ಟಿದ ದಿನವನ್ನು ಬರೆದಿಡುವವರು ಆಗ ಯಾರಿದ್ದರು? ಸುಮಾರು 1864ರಲ್ಲಿ, ಮಿಸೌರಿ ರಾಜ್ಯದ ಡೈಮಂಡ್ ಎಂಬ ಊರಿನ ಬಳಿ, ಮೋಸೆಸ್ ಕಾರ್ವರ್ ಎಂಬ ರೈತನ ಜಮೀನಿನಲ್ಲಿ ಅವರು ಹುಟ್ಟಿದರು. ತಂದೆ ಅಪಘಾತದಲ್ಲಿ ತೀರಿಕೊಂಡಿದ್ದರು. ಹಸುಗೂಸಾಗಿದ್ದಾಗಲೇ ದರೋಡೆಕೋರರು ತಾಯಿ ಮೇರಿಯನ್ನೂ ಮಗುವನ್ನೂ ಹೊತ್ತೊಯ್ದರು. ಹುಡುಕಿಸಿದಾಗ ಮಗು ಮಾತ್ರ ಸಿಕ್ಕಿತು. ತಾಯಿಯ ಸುಳಿವು ಕೊನೆಗೂ ಸಿಗಲಿಲ್ಲ. ಮಗುವನ್ನು ತಂದುಕೊಟ್ಟವನಿಗೆ ಮೋಸೆಸ್ ಒಂದು ಕುದುರೆಯನ್ನು ಕೊಟ್ಟನಂತೆ. ಗುಲಾಮಗಿರಿ ಕೊನೆಗೊಂಡ ಮೇಲೆ ಮೋಸೆಸ್ ಮತ್ತು ಅವನ ಹೆಂಡತಿ ಸುಸಾನ್ ಆ ಮಗುವನ್ನೂ ಅವನ ಅಣ್ಣನನ್ನೂ ಸಾಕಿದರು.

ಜಾರ್ಜ್ ಕಾಯಿಲೆಯ ಹುಡುಗ. ಹೊಲದ ಕೆಲಸ ಅವನ ಕೈಲಾಗುತ್ತಿರಲಿಲ್ಲ. ಅಡಿಗೆ, ಬಟ್ಟೆ ಒಗೆಯುವುದು, ಹೊಲಿಗೆ ಕಲಿತ. ಬಿಡುವಾದಾಗಲೆಲ್ಲ ಕಾಡಿನಲ್ಲಿ ಗಿಡಗಳ ಜೊತೆ ಇರುತ್ತಿದ್ದ. ಬಾಡಿದ ಗಿಡವನ್ನು ಉಳಿಸುವ ಅವನ ಕೈಗುಣ ಕಂಡು ನೆರೆಹೊರೆಯವರು ಅವನನ್ನು ಗಿಡಗಳ ವೈದ್ಯನೆಂದೇ ಕರೆಯುತ್ತಿದ್ದರು. ಆದರೆ ಹತ್ತಿರದ ಶಾಲೆಯಲ್ಲಿ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಹತ್ತು ಹನ್ನೆರಡು ವರ್ಷದ ಹುಡುಗ ಮನೆ ಬಿಟ್ಟು, ಮೈಲಿಗಟ್ಟಲೆ ದೂರದ ನಿಯೋಶೋ ಪಟ್ಟಣಕ್ಕೆ ನಡೆದ. ಅಲ್ಲಿ ಮರಿಯಾ ವಾಟ್ಕಿನ್ಸ್ ಎಂಬ ಸೂಲಗಿತ್ತಿ ಅವನಿಗೆ ಆಶ್ರಯ ಕೊಟ್ಟು, ಕಲಿತದ್ದನ್ನು ತನ್ನ ಜನರಿಗೆ ಹಂಚಬೇಕೆಂದು ಬುದ್ಧಿ ಹೇಳಿದಳು. ಆ ಮಾತನ್ನು ಅವರು ಜೀವನವಿಡೀ ಮರೆಯಲಿಲ್ಲ.

ಮುಂದೆ ಕಾನ್ಸಾಸ್ ರಾಜ್ಯದ ಊರೂರು ಅಲೆದು, ಕಂಡವರ ಬಟ್ಟೆ ಒಗೆದು, ಹೈಸ್ಕೂಲು ಮುಗಿಸಿದರು. ಹೈಲ್ಯಾಂಡ್ ಎಂಬಲ್ಲಿನ ಕಾಲೇಜು ಪತ್ರದ ಮೂಲಕ ಸೀಟು ಕೊಟ್ಟಿತು. ಆದರೆ ಎದುರಿಗೆ ಹೋಗಿ ನಿಂತಾಗ ಮೈಬಣ್ಣ ನೋಡಿ ವಾಪಸು ಕಳುಹಿಸಿತು. ಎಂಥವರಿಗಾದರೂ ಮನಸ್ಸು ಮುರಿಯುವ ಪ್ರಸಂಗವಿದು. ಕಾರ್ವರ್ 1886ರಲ್ಲಿ ಕಾನ್ಸಾಸಿನ ಪಶ್ಚಿಮದ ಬಯಲಿಗೆ ಹೋಗಿ 160 ಎಕರೆ ಸರ್ಕಾರಿ ಜಮೀನು ಹಿಡಿದರು. ಹುಲ್ಲುಬೇರಿನ ಹೆಂಟೆಗಳಿಂದಲೇ ಮನೆ ಕಟ್ಟಿಕೊಂಡು, 17 ಎಕರೆಯನ್ನು ತಾವೇ ಉತ್ತರು. ಮಳೆ ಕಡಿಮೆ ಬೀಳುವ ಆ ನೆಲದಲ್ಲಿ ಬೇಸಾಯದ ಕಷ್ಟವೇನೆಂದು ಸ್ವತಃ ಅನುಭವಿಸಿದರು.

1890ರಲ್ಲಿ ಅಯೋವಾದ ಸಿಂಪ್ಸನ್ ಕಾಲೇಜು ಅವರನ್ನು ಸೇರಿಸಿಕೊಂಡಿತು. ಅವರು ಕಲಿಯಲು ಹೋದದ್ದು ಚಿತ್ರಕಲೆ! ಅವರು ಬರೆದ ಗಿಡಗಳ ಚಿತ್ರ ನೋಡಿದ ಅಧ್ಯಾಪಕಿ ಎಟ್ಟಾ ಬಡ್, ಸಸ್ಯಶಾಸ್ತ್ರ ಓದುವಂತೆ ಒತ್ತಾಯಿಸಿದರು. ಅದರಂತೆ ಏಮ್ಸ್ ನಗರದ ಕೃಷಿ ಕಾಲೇಜಿಗೆ ಮೊದಲ ಕಪ್ಪು ವಿದ್ಯಾರ್ಥಿಯಾಗಿ ಸೇರಿ, 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿಯೇ ಅಧ್ಯಾಪಕರೂ ಆದರು.

ಅದೇ ವರ್ಷ ಅಲಬಾಮಾದ ಟಸ್ಕೆಗೀ ವಿದ್ಯಾಸಂಸ್ಥೆಯಿಂದ ಬೂಕರ್ ಟಿ. ವಾಷಿಂಗ್ಟನ್ ಅವರ ಕರೆ ಬಂತು. ಕಾರ್ವರ್ ಹೊರಟರು. ಅಲ್ಲಿ ಪ್ರಯೋಗಾಲಯವೇ ಇರಲಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಸದ ರಾಶಿಯಿಂದ ಸೀಸೆ, ಡಬ್ಬಿ, ತಂತಿಗಳನ್ನು ಆರಿಸಿ ತಂದು ಉಪಕರಣ ಮಾಡಿಕೊಂಡರು.

ಸುತ್ತಲಿನ ರೈತರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಗುಲಾಮಗಿರಿ ಹೋದರೂ ಭೂಮಿ ಬಂದಿರಲಿಲ್ಲ. ಪರರ ಜಮೀನನ್ನು ಪಾಲಿಗೆ ಮಾಡುತ್ತಿದ್ದರು. ಬೀಜಕ್ಕೂ ಸಾಲ, ಹಿಟ್ಟಿಗೂ ಸಾಲ. ಸಾಲ ಕೊಟ್ಟವನು ಬೆಳೆಯಿಸುತ್ತಿದ್ದುದು ಹತ್ತಿಯೊಂದನ್ನೇ. ವರ್ಷ ವರ್ಷವೂ ಹತ್ತಿ ಬೆಳೆದು ಮಣ್ಣು ಸತ್ವ ಕಳೆದುಕೊಂಡಿತ್ತು. ಮಳೆ ಬಂದರೆ ಕೊಚ್ಚಿಹೋಗುತ್ತಿತ್ತು. ಅಂಗಡಿಯ ಗೊಬ್ಬರ ಕೊಳ್ಳಲು ಅವರ ಬಳಿ ಹಣವೆಲ್ಲಿತ್ತು?

ಕಾರ್ವರ್ ಕೈಗೆಟುಕುವ ದಾರಿಯನ್ನೇ ಹುಡುಕಿದರು. ಅಲಸಂದೆ, ಕಡಲೆಕಾಯಿಯಂಥ ಗಿಡಗಳ ಬೇರುಗಂಟುಗಳಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳಿರುತ್ತವೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಅದರಿಂದ ಮಣ್ಣೂ ಫಲವತ್ತಾಗುತ್ತದೆ. ಒಂದು ವರ್ಷ ಹತ್ತಿ ಬೆಳೆದರೆ ಮರುವರ್ಷ ಇವುಗಳನ್ನು ಬೆಳೆಯಿರಿ ಎಂಬುದೇ ಅವರ ಪಾಠ. ಜೊತೆಗೆ ಒಣಗಿದ ಎಲೆ, ಕೆರೆಯ ಗೋಡು, ಕೊಟ್ಟಿಗೆ ಗೊಬ್ಬರ ಸೇರಿಸಿ ಕಾಂಪೋಸ್ಟ್ ಮಾಡುವುದನ್ನು ಕಲಿಸಿದರು. ಊಟಕ್ಕಾಗಿ ಗೆಣಸು, ತರಕಾರಿ ಬೆಳೆಯಲು ಹೇಳಿದರು.

ಶಾಲೆಗೆ ಬರಲಾಗದ ರೈತರ ಬಳಿಗೆ ಶಾಲೆಯೇ ಹೋಯಿತು. 1906ರಲ್ಲಿ ಜೆಸಪ್ ಎಂಬ ದಾನಿಯ ನೆರವಿನಿಂದ ಒಂದು ಗಾಡಿ ಸಿದ್ಧವಾಯಿತು. ನೇಗಿಲು, ಬೀಜ, ಬೆಣ್ಣೆ ತೆಗೆಯುವ ಸಾಧನ ಮುಂತಾದವನ್ನು ಹೇರಿಕೊಂಡು ಅದು ಹಳ್ಳಿ ಹಳ್ಳಿ ಸುತ್ತಿತು. ಓದುಬಲ್ಲವರಿಗೆ ಸರಳ ಭಾಷೆಯ ಕಿರುಹೊತ್ತಿಗೆಗಳನ್ನು ಹಂಚಿದರು. 1916ರಲ್ಲಿ ಬಂದ ಒಂದು ಹೊತ್ತಿಗೆಯಲ್ಲಿ ಕಡಲೆಕಾಯಿ ಬೆಳೆಯುವ ವಿಧಾನ ಮತ್ತು ಅದರ 105 ಬಗೆಯ ಅಡಿಗೆಗಳಿದ್ದವು.

ಅಷ್ಟರಲ್ಲಿ ಹತ್ತಿಯ ಕಾಯಿ ತಿನ್ನುವ ಮೂತಿಹುಳು ಅಲಬಾಮಾವನ್ನು ಮುತ್ತಿತು. ಹತ್ತಿಯನ್ನೇ ನಂಬಿದವರು ನಾಶವಾದರು. ಆಗ ಅನೇಕ ರೈತರು ಕಡಲೆಕಾಯಿಯತ್ತ ತಿರುಗಿದರು. ಎಂಟರ್‌ಪ್ರೈಸ್ ಎಂಬ ಪಟ್ಟಣದ ಜನರಂತೂ ಕಡಲೆಕಾಯಿಯಿಂದ ಚೇತರಿಸಿಕೊಂಡು, 1919ರಲ್ಲಿ ಆ ಹುಳುವಿಗೇ ಸ್ಮಾರಕ ಕಟ್ಟಿಸಿದರು! ಬೆಳೆದದ್ದಕ್ಕೆ ಬೆಲೆ ಸಿಗಲೆಂದು ಕಾರ್ವರ್ ಕಡಲೆಕಾಯಿಯಿಂದ ಹಾಲು, ಬಣ್ಣ, ಎಣ್ಣೆ ಹೀಗೆ ಸುಮಾರು 300 ಉಪಯೋಗಗಳನ್ನು ಪಟ್ಟಿ ಮಾಡಿದರು. 1921ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಮಾತಾಡಲು ಅವರಿಗೆ ಸಿಕ್ಕಿದ್ದು ಹತ್ತು ನಿಮಿಷ. ಮೊದಲು ಗೇಲಿ ಮಾಡಿದ ಸದಸ್ಯರೇ ಮತ್ತೆ ಮತ್ತೆ ಸಮಯ ಕೊಟ್ಟು ಕೇಳಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪೀನಟ್ ಬಟರ್ ಕಂಡುಹಿಡಿದವರು ಕಾರ್ವರ್ ಎಂದು ಹಲವು ಕಡೆ ಬರೆದಿರುತ್ತಾರೆ, ಅದು ತಪ್ಪು. ಅವರ ಹೆಚ್ಚಿನ ಪದಾರ್ಥಗಳು ಮಾರುಕಟ್ಟೆಗೆ ಬರಲೂ ಇಲ್ಲ. ಸ್ವಂತ ಭೂಮಿ ಇಲ್ಲದ ಎಷ್ಟೋ ರೈತರು ಸಾಲದಿಂದ ಹೊರಬರಲಿಲ್ಲ. ವಿಜ್ಞಾನ ಮಣ್ಣನ್ನು ಸರಿಪಡಿಸಬಲ್ಲದು, ಅನ್ಯಾಯದ ಲೆಕ್ಕಪುಸ್ತಕವನ್ನಲ್ಲ. ಹಾಗಿದ್ದರೂ ಬಡವನ ಹೊಲದಲ್ಲಿ ನಿಂತು ವಿಜ್ಞಾನ ಹೇಳಿಕೊಟ್ಟ ಅವರ ಸೇವೆ ಚಿಕ್ಕದಲ್ಲ.

ಕಾರ್ವರ್ ಮದುವೆಯಾಗಲಿಲ್ಲ. ಸಂಸ್ಥೆಯ ವಸತಿಗೃಹದಲ್ಲಿಯೇ ಸರಳವಾಗಿ ಬದುಕಿ, ಉಳಿಸಿದ ಸುಮಾರು 60,000 ಡಾಲರ್ ಹಣವನ್ನು ಕೃಷಿ ಸಂಶೋಧನೆಗೆ ಕೊಟ್ಟರು. 1943ರ ಜನವರಿ 5ರಂದು ನಿಧನರಾದರು. ಅದೇ ವರ್ಷ ಅವರು ಹುಟ್ಟಿದ ಜಮೀನು ರಾಷ್ಟ್ರೀಯ ಸ್ಮಾರಕವಾಯಿತು. ಗುಲಾಮನಾಗಿ ಹುಟ್ಟಿದ ಮಗುವಿಗೆ ಸಂದ ಗೌರವವದು.

ಮಕ್ಕಳೇ, ನಮ್ಮ ಬಯಲುಸೀಮೆಯ ರೈತರೂ ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುತ್ತಾರೆ. ಮಳೆ ಕೈಕೊಟ್ಟು ಒಂದು ಹೋದರೂ ಇನ್ನೊಂದು ಕೈಹಿಡಿಯುತ್ತದೆ, ಮಣ್ಣಿಗೂ ಶಕ್ತಿ ಬರುತ್ತದೆ. ಕಾರ್ವರ್ ಕಲಿಸಿದ ಪಾಠವೂ ಇದಕ್ಕೆ ಹತ್ತಿರದ್ದೇ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಜೊತೆ ಹೊಲಕ್ಕೆ ಹೋಗಿ ಒಂದು ಕಡಲೆಕಾಯಿ ಗಿಡ ಕಿತ್ತು ಅದರ ಬೇರು ನೋಡಿ. ಅಲ್ಲಿ ಕಾಣುವ ಸಣ್ಣ ಗಂಟುಗಳಲ್ಲಿ ಕಾರ್ವರ್ ನಂಬಿದ ಸಂಪತ್ತು ಇದೆ. ಪೋಷಕರು ಮಕ್ಕಳಿಗೆ ಇದನ್ನು ತೋರಿಸಿಕೊಟ್ಟರೆ ಪುಸ್ತಕದಲ್ಲಿಲ್ಲದ ಒಂದು ಪಾಠ ಕಲಿಸಿದಂತಾಗುತ್ತದೆ.