ಬರಗಾಲದ ಅನ್ನದಾತ ಬುಡ್ಡಾ ವೆಂಗಳರೆಡ್ಡಿ

ಆಸ್ಪರಿ: ಹೊಳೆ ಉಕ್ಕಿ ಮನೆಮಠ ಕೊಚ್ಚಿಹೋದಾಗ ನೆರೆಯೂರಿನವರು ಅನ್ನದ ಪೊಟ್ಟಣ ಹೊತ್ತು ಬರುವುದನ್ನು ಕರ್ನೂಲು ಜಿಲ್ಲೆ 2009ರ ಅಕ್ಟೋಬರ್‌ನ ತುಂಗಭದ್ರಾ ಪ್ರವಾಹದಲ್ಲಿ ಕಂಡಿದೆ. ಆದರೆ ಆಸ್ಪರಿ, ಆಲೂರು, ಪತ್ತಿಕೊಂಡದ ಎರೆಹೊಲಗಳಿಗೆ ಹೆಚ್ಚು ಪರಿಚಯವಿರುವ ವಿಪತ್ತು ಮಳೆಯಲ್ಲ, ಮಳೆ ಬಾರದಿರುವುದು. ಅಂಥ ಕಾಲದಲ್ಲಿ ಹಸಿದವರ ಕೈಹಿಡಿದವರು ಯಾರು ಎಂದರೆ ರಾಯಲಸೀಮೆಯ ಹಿರಿಯರು ಇವತ್ತಿಗೂ ಮೊದಲು ಹೇಳುವ ಹೆಸರು ಉಯ್ಯಾಲವಾಡದ ಬುಡ್ಡಾ ವೆಂಗಳರೆಡ್ಡಿ ಅವರದು.

ಕೋವೆಲಕುಂಟ್ಲ ಕಡೆಯ ಉಯ್ಯಾಲವಾಡ ಈಗ 2022ರಲ್ಲಿ ರಚನೆಯಾದ ನಂದ್ಯಾಲ ಜಿಲ್ಲೆಗೆ ಸೇರಿದೆ. ಊರ ಹೆಸರು ಕೇಳಿದೊಡನೆ ಬಹಳ ಜನಕ್ಕೆ ನೆನಪಾಗುವುದು ಕಂಪನಿ ಸರ್ಕಾರದ ವಿರುದ್ಧ ದಂಗೆ ಎದ್ದ ಪಾಳೆಗಾರ ನರಸಿಂಹರೆಡ್ಡಿ. ಅವರನ್ನು 1847ರ ಫೆಬ್ರುವರಿ 22ರಂದು ಕೋವೆಲಕುಂಟ್ಲದಲ್ಲಿ ಗಲ್ಲಿಗೇರಿಸಲಾಯಿತು. ಅದೇ ಊರಿನ ಸ್ಥಿತಿವಂತ ರೈತ ಮನೆತನದವರು ವೆಂಗಳರೆಡ್ಡಿ. ಬೇಡಿ ಬಂದವರನ್ನು ಬರಿಗೈಯಲ್ಲಿ ಕಳಿಸದವರೆಂದು ಹೆಸರಾಗಿದ್ದರು. ಆ ಹೆಸರಿಗೆ ನಿಜವಾದ ಪರೀಕ್ಷೆ ಬಂದದ್ದು 1866ರಲ್ಲಿ.

ಅದು ಒರಿಸ್ಸಾದಲ್ಲಿ ಸುಮಾರು 10 ಲಕ್ಷ ಜನರನ್ನು ಬಲಿ ತೆಗೆದುಕೊಂಡ ಬರಗಾಲದ ವರ್ಷ. ಮದ್ರಾಸ್ ಪ್ರಾಂತ್ಯಕ್ಕೂ ಅದರ ಬಿಸಿ ತಟ್ಟಿತು. ಕರ್ನೂಲು ಜಿಲ್ಲೆಯಲ್ಲೂ, ಆಗ ಆದೋನಿ-ಆಸ್ಪರಿಗಳಿದ್ದ ಬಳ್ಳಾರಿ ಜಿಲ್ಲೆಯಲ್ಲೂ ಧಾನ್ಯದ ಬೆಲೆ ಬಡವರ ಕೈಗೆ ಸಿಗದಷ್ಟು ಏರಿತು. ಇಂದು ಆಸ್ಪರಿ ಸ್ಟೇಷನ್ ಮೇಲೆ ಹಾದುಹೋಗುವ ರೈಲು ದಾರಿ ರಾಯಚೂರು ಮುಟ್ಟಿದ್ದು 1871ರಲ್ಲಿ. ಅಂದರೆ ಆ ಬರಗಾಲದಲ್ಲಿ ಈ ಭಾಗಕ್ಕೆ ಕಾಳು ಬರಬೇಕಾದರೆ ಎತ್ತಿನ ಗಾಡಿಯೇ ಗತಿ. ಮೇವು-ನೀರಿಲ್ಲದ ವರ್ಷ ಎತ್ತು ತಾನೇ ಎಷ್ಟು ದೂರ ಎಳೆದೀತು? ಊರಲ್ಲಿ ಯಾರ ಮನೆಯಲ್ಲಿ ದಾಸ್ತಾನು ಇದೆಯೋ ಅವರೇ ಊರಿನ ಜೀವ ಉಳಿಸಬೇಕಿತ್ತು. ದಾಸ್ತಾನು ಇದ್ದವರಿಗೋ ಅದು ದುಡ್ಡು ಮಾಡಿಕೊಳ್ಳುವ ಸುಗ್ಗಿಯೂ ಆಗಿತ್ತು.

ವೆಂಗಳರೆಡ್ಡಿ ತಮ್ಮ ಧಾನ್ಯವನ್ನು ಮಾರಲಿಲ್ಲ. ಒಲೆ ಹೂಡಿಸಿ, ಬಂದವರಿಗೆಲ್ಲ ಗಂಜಿ ಹೊಯ್ಸಿದರು. ಸುದ್ದಿ ಹಬ್ಬಿ ದೂರದ ಹಳ್ಳಿಗಳಿಂದಲೂ ಜನ ಮಕ್ಕಳನ್ನು ಎತ್ತಿಕೊಂಡು ಉಯ್ಯಾಲವಾಡದ ದಾರಿ ಹಿಡಿದರು. ದಿನಕ್ಕೆ 8ರಿಂದ 12 ಸಾವಿರ ಜನ ಉಂಡರು, ಮೂರು ತಿಂಗಳು ಒಲೆ ಆರಲಿಲ್ಲ ಎಂಬುದು ಆ ಸೀಮೆಯಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಲೆಕ್ಕ. ಅದರಲ್ಲಿ ಅರ್ಧ ಎಂದು ಹಿಡಿದರೂ ಒಂದು ಮನೆತನಕ್ಕೆ ಅದು ಸಣ್ಣ ಹೊರೆಯಲ್ಲ. ಬರಗಾಲದಲ್ಲಿ ಜಿಲ್ಲಾಧಿಕಾರಿ ಏನು ಮಾಡಬೇಕೆಂಬ ನಿಯಮಾವಳಿಯೇ ಆಗ ಇರಲಿಲ್ಲ. ಅದು ರೂಪುಗೊಂಡದ್ದು 1880ರ ಕ್ಷಾಮ ಆಯೋಗದ ನಂತರ.

ಈ ಸೇವೆಯನ್ನು ಮೆಚ್ಚಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಅವರಿಗೆ ಚಿನ್ನದ ಪದಕ ಸಂದಿತು. ಉಯ್ಯಾಲವಾಡದ ಒಬ್ಬರಿಗೆ ಗಲ್ಲು, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಊರಿನ ಇನ್ನೊಬ್ಬರಿಗೆ ಪದಕ. ಎರಡೂ ಬ್ರಿಟಿಷರ ಆಳ್ವಿಕೆಯಲ್ಲೇ!

ಹತ್ತು ವರ್ಷದ ಬಳಿಕ, 1876-78ರಲ್ಲಿ, ಇನ್ನೂ ದೊಡ್ಡ ಕ್ಷಾಮ ಬಂತು. ಬಳ್ಳಾರಿ, ಕರ್ನೂಲು ಜಿಲ್ಲೆಗಳು ಅತಿ ಹೆಚ್ಚು ನೊಂದವು. ಆಗ ರೈಲು ಇತ್ತು, ಕಾಳು ಬರುತ್ತಿತ್ತು. ಕೊಳ್ಳಲು ಕೂಲಿಯವರ ಬಳಿ ದುಡ್ಡಿರಲಿಲ್ಲ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಮಟ್ಟಕ್ಕೆ ಇಳಿಸಿದರು. ಉಯ್ಯಾಲವಾಡದಲ್ಲಿ ಉಂಡವರಿಗೆ ಯಾರೂ ಕೆಲಸದ ಲೆಕ್ಕ ಕೇಳಿರಲಿಲ್ಲ.

ವೆಂಗಳರೆಡ್ಡಿಯವರ ದಾನವನ್ನು ಕೊಂಡಾಡುವ ತೆಲುಗು ಜನಪದ ಹಾಡುಗಳು ಹುಟ್ಟಿ ರಾಯಲಸೀಮೆಯ ತುಂಬ ಹರಡಿದವು. ಊರ ಹೆಸರಿನೊಂದಿಗೆ ಅವರ ಹೆಸರನ್ನೂ ಸೇರಿಸಿ ಇಂದಿಗೂ ಅವುಗಳನ್ನು ಹಾಡುತ್ತಾರೆ.