ಕೊನೆಯ ಸಾಲಿನ ಕೇಳುಗನಿಗಾಗಿ ಏಳು ತಂತಿ: ಪಿಟೀಲು ಚೌಡಯ್ಯ

ಪಿಟೀಲು ಎಂದೊಡನೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವ ಹೆಸರು ಮೈಸೂರು ಟಿ. ಚೌಡಯ್ಯನವರದು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಭವನಕ್ಕೆ ಅವರ ಹೆಸರಿಡಲಾಗಿದೆ. ಆದರೆ ಅವರ ಎದುರು ಕುಳಿತು ಕಛೇರಿ ಕೇಳಿದವರು ಇಂದು ತೀರಾ ವಿರಳ. 1967ರಲ್ಲಿ ತೀರಿಕೊಂಡ ಈ ಮಹಾನ್ ಕಲಾವಿದ ಈಗಿನ ಕೇಳುಗರಿಗೆ ಸಿಗುವುದು ಹಳೆಯ ಧ್ವನಿಮುದ್ರಣಗಳಲ್ಲಿ ಮಾತ್ರ. ವಿಚಿತ್ರವೆಂದರೆ, ಅವರು ಯಾವ ಗುಣಕ್ಕಾಗಿ ಅಷ್ಟೊಂದು ಶ್ರಮಪಟ್ಟರೋ ಅದನ್ನೇ ಧ್ವನಿಮುದ್ರಣಗಳು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಂದು ಮುದ್ರಣವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಕೇಳಿದಾಗಲೇ ಚೌಡಯ್ಯನವರ ನಿಜವಾದ ಪರಿಚಯವಾಗುತ್ತದೆ.

ಗುರು ಕರಾವಳಿಯವರು

ಕಾವೇರಿ ಮತ್ತು ಕಪಿಲಾ ನದಿಗಳ ಸಂಗಮದ ಬಳಿಯ ತಿರುಮಕೂಡಲಿನಲ್ಲಿ 1895ರ ಜನವರಿ 1ರಂದು ಚೌಡಯ್ಯನವರು ಜನಿಸಿದರು. ಹೆಸರಿನ ಹಿಂದಿನ 'ಟಿ.' ಅಕ್ಷರ ಆ ಊರಿನ ಗುರುತು. ಮುಂದೆ ತಮ್ಮ ಕೃತಿಗಳಿಗೆ ಅವರು ಇಟ್ಟುಕೊಂಡ 'ತ್ರಿಮಕುಟ' ಎಂಬ ಅಂಕಿತವೂ ಹುಟ್ಟೂರಿನದೇ ನೆನಪು.

1910ರಲ್ಲಿ, ಹದಿನೈದರ ಹರೆಯದಲ್ಲಿ, ಅವರು ಮೈಸೂರಿನ ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗಡಿನಾಡಿನ ಓದುಗರಿಗೆ ಇಲ್ಲೊಂದು ನಂಟಿದೆ. ಕೃಷ್ಣಪ್ಪನವರು ಮೂಲತಃ ಮೈಸೂರಿನವರಲ್ಲ, ಕರಾವಳಿಯ ನಂದಳಿಕೆಯವರು. ಕವಿ ಮುದ್ದಣನ ಊರೂ ಅದೇ. ಕೊಂಕಣಿ ಮಾತನಾಡುವ ಬಡ ಕುಟುಂಬದ ಹುಡುಗ ಮೈಸೂರಿಗೆ ಹೋಗಿ ಅರಮನೆಯ ವಿದ್ವಾಂಸನಾಗಿ ಬೆಳೆದರು. ತ್ಯಾಗರಾಜರ ಕೃತಿಗಳ ಜೊತೆಗೆ ದಾಸರ ಪದಗಳಿಗೂ ಕಛೇರಿಯಲ್ಲಿ ಗೌರವದ ಸ್ಥಾನ ಕೊಟ್ಟರು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರೂ ಅವರೇ.

ಅಂಥ ಗುರುವಿನ ಕಟ್ಟುನಿಟ್ಟಿನ ಶಿಕ್ಷಣ 1918ರವರೆಗೆ, ಅಂದರೆ ಎಂಟು ವರ್ಷ ನಡೆಯಿತು. ಆ ಬಳಿಕ ದೊಡ್ಡ ಗಾಯಕರ ಕಛೇರಿಗಳಿಗೆ ಚೌಡಯ್ಯನವರ ಪಕ್ಕವಾದ್ಯ ಬೇಕೇಬೇಕು ಎಂಬಷ್ಟು ಬೇಡಿಕೆ ಬಂತು.

ಕೇಳಿಸದ ಪಿಟೀಲು

ಆಗ ಸಭೆಗಳಲ್ಲಿ ಧ್ವನಿವರ್ಧಕ ಇರಲಿಲ್ಲ. ದೇವಸ್ಥಾನದ ಅಂಗಳವಿರಲಿ, ಮದುವೆಯ ಚಪ್ಪರವಿರಲಿ, ಗಾಯಕರ ಗಂಟಲಿನ ಶಕ್ತಿಯೇ ಎಲ್ಲಕ್ಕೂ ಆಧಾರ. ಗಟ್ಟಿ ಕಂಠದವರ ಹಾಡು ಕೊನೆಯ ಸಾಲಿಗೂ ತಲುಪುತ್ತಿತ್ತು. ಪಕ್ಕದಲ್ಲಿದ್ದ ಪಿಟೀಲಿನ ನಾದ ಮಾತ್ರ ನಾಲ್ಕಾರು ಸಾಲು ದಾಟುವಷ್ಟರಲ್ಲಿ ಸೊರಗುತ್ತಿತ್ತು. ಹಿಂದೆ ಕುಳಿತವರಿಗೆ ಕಮಾನು ಆಡುವುದು ಕಾಣುತ್ತಿತ್ತೇ ಹೊರತು ಸ್ವರ ಕೇಳುತ್ತಿರಲಿಲ್ಲ.

ಇದಕ್ಕೆ ಚೌಡಯ್ಯನವರು 1927ರ ಹೊತ್ತಿಗೆ ಕಂಡುಕೊಂಡ ಉಪಾಯವೇ ಏಳು ತಂತಿಯ ಪಿಟೀಲು. ಸಾಮಾನ್ಯ ಪಿಟೀಲಿಗೆ ನಾಲ್ಕು ತಂತಿ. ಅವರು ಇನ್ನೂ ಮೂರನ್ನು ಸೇರಿಸಿದರು. ಜೋಡಿ ತಂತಿಗಳ ಮೇಲೆ ಕಮಾನು ಎಳೆದಾಗ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಮೊಳಗುತ್ತಿತ್ತು. ನಾದ ತುಂಬಿಕೊಂಡು ದೂರಕ್ಕೆ ಸಾಗುತ್ತಿತ್ತು. ಹೇಳುವುದು ಸುಲಭ, ನುಡಿಸುವುದು ಕಷ್ಟ. ಒಂದರ ಬದಲು ಎರಡು ತಂತಿಯನ್ನು ಒಟ್ಟಿಗೆ ಒತ್ತಬೇಕು, ಎರಡರಲ್ಲೂ ಶ್ರುತಿ ಕೂದಲೆಳೆಯಷ್ಟೂ ತಪ್ಪಬಾರದು, ಗಮಕ ಒಡೆಯಬಾರದು. ಇದನ್ನು ಒಪ್ಪದವರೂ ಇದ್ದರು. ಪಿಟೀಲಿನ ಸಹಜವಾದ ನಯ ಇದರಲ್ಲಿ ಕಡಿಮೆಯಾಗುತ್ತದೆ ಎಂಬುದು ಅವರ ಆಕ್ಷೇಪ. ಚೌಡಯ್ಯನವರು ಹಿಂದೆ ಸರಿಯಲಿಲ್ಲ.

ಪಾಲಕ್ಕಾಡಿನ ಜೊತೆಗಾರ

ಈ ತುಂಬು ನಾದಕ್ಕೆ ತಕ್ಕ ಕಂಠ ಪಾಲಕ್ಕಾಡಿನ ಚೆಂಬೈ ವೈದ್ಯನಾಥ ಭಾಗವತರದು. ಚೌಡಯ್ಯನವರಿಗಿಂತ ಒಂದು ವರ್ಷ ಕಿರಿಯರು, 1896ರಲ್ಲಿ ಹುಟ್ಟಿದವರು. ಗಾಯಕ ಯೇಸುದಾಸರ ಗುರು ಎಂದರೆ ಎರಡೂ ಭಾಷೆಯವರಿಗೆ ಬೇಗ ತಿಳಿಯುತ್ತದೆ. ಚೆಂಬೈ ಹಾಡುಗಾರಿಕೆ, ಚೌಡಯ್ಯ ಪಿಟೀಲು, ಪಾಲಕ್ಕಾಡು ಮಣಿ ಅಯ್ಯರ್ ಮೃದಂಗ ಎಂದರೆ ಸಭೆ ಕಿಕ್ಕಿರಿಯುತ್ತಿತ್ತು. 1943ರಲ್ಲಿ ಚೌಡಯ್ಯನವರೇ 'ವಾಣಿ' ಎಂಬ ಕನ್ನಡ ಚಲನಚಿತ್ರ ನಿರ್ಮಿಸಿದರು. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ಈ ಮೂವರ ಕಛೇರಿಯನ್ನೂ ಸೇರಿಸಿದ್ದರು. ಕನ್ನಡ ಸಿನಿಮಾ, ಮಲಯಾಳ ನಾಡಿನ ಇಬ್ಬರು ಕಲಾವಿದರು. ಅದರಲ್ಲಿ ಯಾರಿಗೂ ಅಚ್ಚರಿ ಕಾಣಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷವೇ, 1957ರಲ್ಲಿ, ಚೌಡಯ್ಯನವರಿಗೆ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಚೆಂಬೈಯವರಿಗೆ ಅದೇ ಬಿರುದು 1951ರಲ್ಲೇ ಸಂದಿತ್ತು. ಭೂಪಟದ ಗೆರೆ ಇವರ ವೇದಿಕೆಯನ್ನು ಹಾದುಹೋಗಲಿಲ್ಲ.

ತಟ್ಟೆ, ಟೇಪು ಮತ್ತು ಕಿವಿ

ಚೌಡಯ್ಯನವರನ್ನು ಇಂದು ಕೇಳಹೊರಟವರು ಮೊದಲು ತಿಳಿಯಬೇಕಾದ ವಿಷಯವೊಂದಿದೆ. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷದ ಸಂಗೀತ. ಅಷ್ಟರೊಳಗೆ ಪಲ್ಲವಿ, ಅನುಪಲ್ಲವಿ, ಚರಣ ಮುಗಿಯಬೇಕು. ಗಾಯಕರಿಗೇ ಸಮಯ ಸಾಲದಿದ್ದಾಗ ಪಕ್ಕವಾದ್ಯಕ್ಕೆ ಎಲ್ಲಿಯ ಅವಕಾಶ? ಗಾಯಕರ ತಟ್ಟೆಗಳನ್ನಷ್ಟೇ ಕೇಳಿ ಪಿಟೀಲುಗಾರರನ್ನು ಅಳೆದರೆ ಅನ್ಯಾಯವಾಗುತ್ತದೆ. ಬಾನುಲಿಯ ಮತ್ತು ಸಭೆಗಳ ದೀರ್ಘ ಮುದ್ರಣಗಳಲ್ಲಿ ರಾಗಾಲಾಪನೆ, ಸ್ವರಪ್ರಸ್ತಾರ ಎಲ್ಲಕ್ಕೂ ಎಡೆಯಿದೆ. ಗಾಯಕ ಬಿಟ್ಟ ಎಳೆಯನ್ನು ಚೌಡಯ್ಯನವರು ಹೇಗೆ ಕೈಗೆತ್ತಿಕೊಳ್ಳುತ್ತಿದ್ದರು ಎಂಬುದು ಅಲ್ಲಿ ಸ್ಪಷ್ಟ.

ಎರಡನೆಯ ಎಚ್ಚರ ವೇಗದ್ದು. ತಟ್ಟೆಯಿಂದ ಟೇಪಿಗೆ, ಟೇಪಿನಿಂದ ಕಂಪ್ಯೂಟರಿಗೆ ಇಳಿಸುವಾಗ ವೇಗ ಸ್ವಲ್ಪ ಹೆಚ್ಚು ಕಡಿಮೆಯಾದರೂ ಶ್ರುತಿಯೇ ಬದಲಾಗುತ್ತದೆ. ಕಂಠ ತೆಳುವಾಗಿ, ಪಿಟೀಲು ಕೀರಲಾಗಿ ಕೇಳಿದರೆ ತಪ್ಪು ಕಲಾವಿದರದೇ ಎಂದು ತೀರ್ಮಾನಿಸಬಾರದು. ಮೂರನೆಯದು ಕಾಲದ ಎಚ್ಚರ. 1950ರ ದಶಕದ ಆರಂಭದಲ್ಲಿ ಚೆಂಬೈಯವರು ಕಂಠ ಕಳೆದುಕೊಂಡು ಬಳಿಕ ಚೇತರಿಸಿಕೊಂಡರು. ಅದಕ್ಕೆ ಮೊದಲಿನ ಹಾಡನ್ನೂ ನಂತರದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇಷ್ಟು ಗಮನದಲ್ಲಿಟ್ಟುಕೊಂಡು ಕೇಳಿದರೆ ಹೋಲಿಕೆ ಸಾರ್ಥಕವಾಗುತ್ತದೆ. ಆ ಕಾಲದ ಪಿಟೀಲಿನ ತ್ರಿಮೂರ್ತಿಗಳೆಂದು ಹೆಸರಾದವರು ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆ ಮತ್ತು ಚೌಡಯ್ಯ. ಮೂವರನ್ನೂ ಒಂದರ ಹಿಂದೆ ಒಂದರಂತೆ ಕೇಳಿದರೆ ಚೌಡಯ್ಯನವರ ನಾದದ ಗಾತ್ರ ಕೂಡಲೇ ಬೇರೆಯಾಗಿ ಎದ್ದು ನಿಲ್ಲುತ್ತದೆ. ಆದರೆ ಅಲ್ಲಿಗೇ ನಿಲ್ಲಬಾರದು. ಅವರನ್ನು ಚೆಂಬೈಯವರ ಜೊತೆಗೊಮ್ಮೆ, ಅರಿಯಕುಡಿ ರಾಮಾನುಜ ಅಯ್ಯಂಗಾರರ ಜೊತೆಗೊಮ್ಮೆ, ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ಜೊತೆಗೊಮ್ಮೆ ಕೇಳಬೇಕು. ಪಿಟೀಲು ಒಂದೇ, ಕೈಯೂ ಒಂದೇ, ಆದರೆ ಹಾಡುವವರ ದಾರಿ ಬೇರೆ ಬೇರೆ. ಪಕ್ಕವಾದ್ಯದವನ ಬಲ ಬರೀ ಸದ್ದಿನಲ್ಲಿಲ್ಲ, ಇನ್ನೊಬ್ಬರನ್ನು ಕೇಳಿಸಿಕೊಂಡು ಅವರ ದಾರಿಯಲ್ಲಿ ನಡೆಯುವುದರಲ್ಲಿದೆ ಎಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ.

ಗಡಿನಾಡಿನ ಕಿವಿಗೆ ಇದು ಹೊಸತೇನಲ್ಲ. ಇರಯಿಮ್ಮನ್ ತಂಪಿಯವರ ಮಲಯಾಳ ಕೀರ್ತನೆ 'ಕರುಣ ಚೆಯ್ವಾನ್' ಮೂಲದಲ್ಲಿ ಶ್ರೀರಾಗದ್ದು. ಚೆಂಬೈಯವರು ಅದನ್ನು ಯದುಕುಲ ಕಾಂಬೋಜಿಯಲ್ಲಿ ಹಾಡಿ ಮನೆಮಾತಾಗಿಸಿದರು. ಎರಡೂ ರಾಗಗಳಲ್ಲಿ ಕೇಳಿದವರಿಗೆ ಒಂದೇ ಮಾತಿನ ಭಾವ ಹೇಗೆ ಬದಲಾಗುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಆಡುತ್ತ ಬೆಳೆದವರಿಗೆ ಎರಡನ್ನು ಅಕ್ಕಪಕ್ಕ ಇಟ್ಟು ನೋಡುವುದು ದಿನನಿತ್ಯದ ಅಭ್ಯಾಸ. ಒಂದು ಕಾಲಕ್ಕೆ ಗಲ್ಫಿನಿಂದ ಬಂದ ಟೇಪ್‌ರೆಕಾರ್ಡರ್‌ನಲ್ಲಿ ಕ್ಯಾಸೆಟ್ ತಿರುವಿ ಹಾಕಿ ಕೇಳಿದ ಊರುಗಳಿವು. ಈಗ ಅಂಗೈಯಲ್ಲಿರುವ ಫೋನಿನಲ್ಲೇ ಹಳೆಯ ಕಛೇರಿಗಳು ಸಿಗುತ್ತವೆ. ಬೇಕಾದುದು ಸ್ವಲ್ಪ ಬಿಡುವು ಮಾತ್ರ.

ಉಳಿದದ್ದು

1967ರ ಜನವರಿ 19ರಂದು, 72ರ ವಯಸ್ಸಿನಲ್ಲಿ, ಚೌಡಯ್ಯನವರು ನಿಧನರಾದರು. ಚೆಂಬೈಯವರು 1974ರ ಅಕ್ಟೋಬರ್ 16ರಂದು ತೀರಿಕೊಂಡರು. ಅಷ್ಟರಲ್ಲಿ ಮೈಕು ಎಲ್ಲ ಸಭೆಗಳಿಗೂ ಬಂದಾಗಿತ್ತು. ಏಳು ತಂತಿಯ ಅಗತ್ಯವೇ ಕಳೆಯಿತು. ಇಂದು ವೇದಿಕೆಯ ಮೇಲೆ ಸಾಮಾನ್ಯವಾಗಿ ಕಾಣುವುದು ನಾಲ್ಕು ತಂತಿಯ ಪಿಟೀಲೇ.

ಹಾಗೆಂದು ಚೌಡಯ್ಯನವರ ಶ್ರಮ ವ್ಯರ್ಥವಾಯಿತೆನ್ನಲಾಗದು. ಧ್ವನಿಮುದ್ರಣ ಹತ್ತಿರದವನನ್ನೂ ದೂರದವನನ್ನೂ ಒಂದೇ ಕಡೆ ಕೂರಿಸಿಬಿಡುತ್ತದೆ, ಅಲ್ಲಿ ಕೊನೆಯ ಸಾಲು ಎಂಬುದೇ ಇಲ್ಲ. ಆದರೆ ಕೊನೆಯ ಸಾಲಿನಲ್ಲೂ ಒಬ್ಬ ಕೇಳುಗನಿದ್ದಾನೆ, ಅವನಿಗೂ ಪೂರ್ತಿ ಸಂಗೀತ ಸಲ್ಲಬೇಕು ಎಂದು ತನ್ನ ವಾದ್ಯವನ್ನೇ ಬದಲಿಸಿಕೊಂಡ ಕಲಾವಿದ ಇವರು. ಹಳೆಯ ಮುದ್ರಣದ ಕರಕರ ಸದ್ದಿನ ನಡುವೆ ಆ ಜೋಡಿ ತಂತಿಗಳ ನಾದ ಎದ್ದು ಬರುವಾಗ, ಅದು ಯಾರಿಗಾಗಿ ಹುಟ್ಟಿದ್ದೆಂಬುದನ್ನು ನೆನೆದು ಕೇಳಿದರೆ ಸಾಕು.