ಸರ್ ಎಂ.ವಿ. ಮತ್ತು ಮೂಸಿ ನದಿ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೇಳಿದೊಡನೆ ಕನ್ನಡಿಗರಾದ ನಮಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಸೆಪ್ಟೆಂಬರ್ 15ರಂದು ಅವರ ಜನ್ಮದಿನವನ್ನು ಇಂಜಿನಿಯರುಗಳ ದಿನವೆಂದು ಆಚರಿಸುವಾಗಲೂ ಮಕ್ಕಳು ಆ ಕಟ್ಟೆಯ ಚಿತ್ರವನ್ನೇ ಬರೆಯುತ್ತಾರೆ. ಊರಿನ ಬಚ್ಚಲ ನೀರು ಎಲ್ಲಿಗೆ ಹೋಗಬೇಕು ಎಂದು ಅವರು ಯೋಚಿಸಿದ್ದನ್ನು ಯಾರೂ ಚಿತ್ರ ಬರೆಯುವುದಿಲ್ಲ. ಆ ಕೆಲಸದ ಬಗ್ಗೆಯೇ ಇಲ್ಲಿ ಹೇಳೋಣ ಎಂದುಕೊಂಡಿದ್ದೇವೆ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಈಗ ಪಾಕಿಸ್ತಾನದಲ್ಲಿರುವ ಸಕ್ಕರ್ ಪಟ್ಟಣದಲ್ಲಿ ಮಳೆ ಬಹಳ ಕಡಿಮೆ, ಸಿಂಧೂ ನದಿಯ ನೀರೋ ಕೆಸರು. ಅದನ್ನು ಸೋಸುವ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನೊಳಗಿಂದ ಬಸಿದು ಬಂದ ತಿಳಿನೀರನ್ನು ಸುರಂಗದ ಮೂಲಕ ದಡಕ್ಕೆ ತಂದರು. ಮರಳಿಗೆ ಸಂಬಳ ಕೊಡಬೇಕಾಗಿರಲಿಲ್ಲ!

1906ರಲ್ಲಿ ಸರ್ಕಾರ ಅವರನ್ನು ಏಡನ್‌ಗೆ ಕಳುಹಿಸಿತು. ಅರಬ್ ನೆಲದ ಆ ಬಂದರು ಆಗ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಲ್ಲಿನ ನೀರು ಸರಬರಾಜು ಮತ್ತು ಒಳಚರಂಡಿಗೆ ಅವರು ಯೋಜನೆ ಸೂಚಿಸಿದರು. ನಮ್ಮಲ್ಲಿ ಬಹಳ ಮಂದಿ ಈ ಸೀಮೆಗೆ ಬರುವುದಕ್ಕೆ ಮುಕ್ಕಾಲು ಶತಮಾನ ಮೊದಲೇ ಒಬ್ಬ ಕನ್ನಡಿಗರು ಇದೇ ಬಿಸಿಲಿನಲ್ಲಿ ನೀರಿನ ದಾರಿ ಹುಡುಕಿದ್ದರು ಎಂಬುದು ನಮಗೆ ಸಂತೋಷದ ವಿಷಯ. ಇಂದು ಕೊಲ್ಲಿ ದೇಶಗಳ ರಸ್ತೆ ಬದಿಯ ಎಷ್ಟೋ ಗಿಡಮರಗಳು ಶುದ್ಧೀಕರಿಸಿದ ಕೊಳಚೆ ನೀರಿನಿಂದಲೇ ಹಸಿರಾಗಿವೆ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮುಂಬಯಿ ಸೇವೆಯಿಂದ ಬಿಡುಗಡೆ ಹೊಂದಿ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದ ಕರೆ ಬಂತು. 1909ರಲ್ಲಿ ಹೈದರಾಬಾದಿಗೆ ಬಂದ ಅವರು ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಬೇಕೆಂದು ಹೇಳಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಪ್ರವಾಹವೂ ತಗ್ಗಿತು, ನಗರಕ್ಕೆ ಕುಡಿಯುವ ನೀರೂ ಸಿಕ್ಕಿತು.

ಇಲ್ಲಿ ಒಂದು ತೊಡಕಿದೆ. ಹೈದರಾಬಾದಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. ಮೇಲೆ ನೀರು ಹಿಡಿದಿಟ್ಟರೆ ಬೇಸಿಗೆಯಲ್ಲಿ ಕೆಳಗಿನ ನದಿಯಲ್ಲಿ ಕೊಳೆಯನ್ನು ತೊಳೆಯುವ ಹರಿವೇ ಇರುವುದಿಲ್ಲ. ಆದ್ದರಿಂದ ಅಣೆಕಟ್ಟಿನಷ್ಟೇ ಒಳಚರಂಡಿಯೂ ಮುಖ್ಯವಾಗಿತ್ತು. ವಿಶ್ವೇಶ್ವರಯ್ಯನವರು ಅದಕ್ಕೂ ಯೋಜನೆ ಕೊಟ್ಟಿದ್ದರು. 1920ರ ದಶಕದಲ್ಲಿ ನಗರ ಅವರನ್ನು ಮತ್ತೆ ಕರೆಸಿಕೊಂಡಿತು. ದೊಡ್ಡ ಚರಂಡಿಗಳು ಕೊಳಚೆಯನ್ನು ನದಿಗೆ ಬಿಡದೆ ಊರ ಕೆಳಗಿನ ಅಂಬರ್‌ಪೇಟೆಗೆ ಒಯ್ದವು.

ಈ ನಡುವೆ ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ದಾಟಿ, 1962ರಲ್ಲಿ ತೀರಿಕೊಂಡರು.

ಕೆಲವು ಲಕ್ಷ ಜನರಿಗೆಂದು ಹಾಕಿದ ಚರಂಡಿಗಳ ಮೇಲೆ ನಗರ ಕೋಟಿಗೆ ಬೆಳೆಯಿತು. ಅಂಬರ್‌ಪೇಟೆಯಲ್ಲಿ 2000ರ ದಶಕದಲ್ಲಿ ದಿನಕ್ಕೆ 33.9 ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಘಟಕ ಕಟ್ಟಿದರು. ಅಲ್ಲಿ ಗಾಳಿಯಾಡದ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಅನಿಲವಾಗಿಸುತ್ತವೆ. ಅದೂ ಸಾಲದೆ ಇನ್ನೂ ಹಲವು ಘಟಕಗಳನ್ನು ಕಟ್ಟಬೇಕಾಯಿತು. ಊರಿನ ಕೆಳಗಿನ ಹಳ್ಳಿಗಳ ರೈತರಿಗೆ ಬೇಸಿಗೆಯಲ್ಲಿ ಸಿಗುವುದು ನಗರ ಬಿಟ್ಟ ಆ ನೀರೇ. ಅದರಲ್ಲೇ ಅವರು ಭತ್ತ ಮತ್ತು ದನದ ಹುಲ್ಲು ಬೆಳೆಯುತ್ತಾರೆ. ಉಳಿದದ್ದು ವಾಡಪಲ್ಲಿಯ ಬಳಿ ಕೃಷ್ಣೆಯನ್ನು ಸೇರುತ್ತದೆ.